ಬಾಗಿಲು ಹಾಕಿಕೊಳ್ಳುವ ಮಗ, ಬಸ್ಸಿಗೆ ಹೊರಟ ಮಗಳು

ಪ್ರಶ್ನೆ: ನಮ್ಮದು ಕಲಬುರಗಿ, ಸೇಡಂ ರಸ್ತೆಯ ಕಡೆ ಮನೆ. ಮಗನಿಗೆ 16 ವರ್ಷ, ಪಿಯುಸಿ ಮೊದಲ ವರ್ಷ, ವಿಜ್ಞಾನ. ಮಗಳಿಗೆ 14, ಒಂಬತ್ತನೆಯ ತರಗತಿ. ಯಜಮಾನರದು ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅತ್ತೆಯವರು ನಮ್ಮೊಂದಿಗೇ ಇದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಗ ನನ್ನ ಸೆರಗು ಹಿಡಿದೇ ಓಡಾಡುತ್ತಿದ್ದ. ಈಗ ಕಾಲೇಜಿನಿಂದ ಬಂದವನೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಏನಾಯಿತು ಎಂದರೆ ‘ಏನಿಲ್ಲ’. ರಾತ್ರಿ 1 ಗಂಟೆಯಾದರೂ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ. ನಾನು ರೊಟ್ಟಿ ಬಡಿಯುವಾಗ ಮಾತ್ರ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂರುತ್ತಾನೆ. ಮೊನ್ನೆ ಹಾಗೆ ಕೂತವನು, ‘ಕಿರುಪರೀಕ್ಷೆಯಲ್ಲಿ ನನ್ನ ಗೆಳೆಯನಿಗೆ ಬಹಳ ಕಡಿಮೆ ಅಂಕ ಬಂದಿವೆ’ ಎಂದ. ‘ನಿನಗೆಷ್ಟು ಬಂದವು?’ ಎಂದು ಕೇಳಿದೆ. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ. ಅವನು ಸ್ನಾನಕ್ಕೆ ಹೋದಾಗ ಮೊಬೈಲ್ ತೆಗೆದು ನೋಡುತ್ತೇನೆ. ಏನೂ ಸಿಗುವುದಿಲ್ಲ, ಆದರೂ ಸಮಾಧಾನವಿಲ್ಲ. ಈಗ ಬೈಕ್ ಬೇಕೆಂದು ಹಟ ಹಿಡಿದಿದ್ದಾನೆ. ಗೆಳೆಯರೆಲ್ಲ ಓಡಿಸುತ್ತಾರಂತೆ. ಯಜಮಾನರೂ ‘ಕಲಿಯಲಿ ಬಿಡು’ ಎನ್ನುತ್ತಾರೆ. ಅತ್ತೆಯವರು ‘ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ನೋಡಬೇಕು’ ಎನ್ನುತ್ತಾರೆ. ಅಣ್ಣನನ್ನು ನೋಡಿ ಮಗಳು, ಜಗತ್ ವೃತ್ತದ ಬಳಿಯ ಟ್ಯೂಷನ್‌ಗೆ ತಾನೂ ಒಬ್ಬಳೇ ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ ಎನ್ನುತ್ತಾಳೆ. ಕಾಲ ಕೆಟ್ಟಿದೆ, ಬೇಡ ಎಂದಿದ್ದೇನೆ. ಮಕ್ಕಳು ಕೈತಪ್ಪಿ ಹೋಗುತ್ತಿದ್ದಾರೆ ಅನ್ನಿಸುತ್ತದೆ. ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಆ ಅರ್ಧ ರೊಟ್ಟಿಯ ಹತ್ತಿರ ನಿಂತುಬಿಟ್ಟೆ. ಮಗ ಎಷ್ಟು ದೂರ ಹೋಗಿದ್ದಾನೆ ಎಂದು ತೋರಿಸಲು ನೀವು ಅದನ್ನು ಬರೆದಿದ್ದೀರಿ. ನನಗೆ ಅಲ್ಲಿ ಕಂಡದ್ದು ಬೇರೆ. ಸಂಜೆಯೆಲ್ಲ ಬಾಗಿಲು ಹಾಕಿಕೊಂಡಿರುವ ಹುಡುಗ ಯಾರೂ ಕರೆಯದೆ ಎದ್ದು ಬರುತ್ತಾನೆ, ಒಲೆಯ ಝಳ ತಾಗುವ ಕಟ್ಟೆಯ ಮೇಲೆ ಕೂರುತ್ತಾನೆ, ತಾನಾಗಿ ಮಾತು ತೆಗೆಯುತ್ತಾನೆ. ನನ್ನ ಬಳಿ ಬರುವ ಎಷ್ಟೋ ತಾಯಂದಿರಿಗೆ ಇಷ್ಟೂ ಸಿಕ್ಕಿರುವುದಿಲ್ಲ.

ಅವನು ಅಲ್ಲಿಗೇ ಏಕೆ ಬರುತ್ತಾನೆ ಎಂದು ಯೋಚಿಸಿ ನೋಡಿ. ನಿಮ್ಮ ಎರಡೂ ಕೈಗಳು ಹಿಟ್ಟಿನಲ್ಲಿವೆ. ಕಣ್ಣು ಹಂಚಿನ ಮೇಲಿದೆ. ರೊಟ್ಟಿಗೆ ನೀರು ಸವರಬೇಕು, ತಿರುವಿ ಹಾಕಬೇಕು, ಉಬ್ಬುವುದನ್ನು ಕಾಯಬೇಕು. ಅವನ ಮುಖವನ್ನೇ ನೋಡುತ್ತಾ ಕೂರಲು ನಿಮಗೆ ಪುರುಸೊತ್ತಿಲ್ಲ. ಬಡಿಯುವ ಸದ್ದು ಇರುವುದರಿಂದ ಮಾತು ನಿಂತರೂ ಮೌನ ಭಾರವಾಗುವುದಿಲ್ಲ. ಬೇಡವೆನಿಸಿದರೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಬಹುದು. ಈ ವಯಸ್ಸಿನವರನ್ನು ಎದುರು ಕೂರಿಸಿಕೊಂಡು ‘ಹೇಳು, ಏನು ವಿಷಯ’ ಎಂದರೆ ಅವರಿಗೆ ಠಾಣೆಯಲ್ಲಿ ಕೂತಂತಾಗುತ್ತದೆ. ಪಕ್ಕದಲ್ಲಿ ಕೆಲಸ ನಡೆಯುತ್ತಿದ್ದರೆ ನಾಲಿಗೆ ತಾನೇ ಸಡಿಲವಾಗುತ್ತದೆ. ನಿಮ್ಮ ಮನೆಯಲ್ಲಿ ಅಂಥದೊಂದು ಜಾಗ ಈಗಾಗಲೇ ಇದೆ, ಅದನ್ನು ನಾವು ಹೊಸದಾಗಿ ಕಟ್ಟಬೇಕಾಗಿಲ್ಲ.

ಇನ್ನು ಅವನು ತಂದ ಮಾತು. ಹಳ್ಳ ದಾಟುವವನು ಮೊದಲು ಕೋಲು ಇಳಿಸಿ ಆಳ ನೋಡುತ್ತಾನೆ. ಮಕ್ಕಳು ಹಾಗೆಯೇ ಮೊದಲು ಗೆಳೆಯನ ಕಥೆ ಇಳಿಸುತ್ತಾರೆ. ಅಂಕ ಕಡಿಮೆ ಬಂದವನ ಬಗ್ಗೆ ಅವ್ವ ಏನೆನ್ನುತ್ತಾಳೆ? ಬೈಯುತ್ತಾಳೋ, ಮರುಗುತ್ತಾಳೋ? ‘ಅಯ್ಯೋ ಪಾಪ, ಮನೆಯಲ್ಲಿ ಏನೆಂದರಂತೆ?’ ಎಂದು ನೀವು ಕೇಳಿದ್ದರೆ ಮುಂದಿನ ಮಾತು ಬರುತ್ತಿತ್ತು. ಎರಡು ದಿನ ಬಿಟ್ಟು ಅವನ ಅಂಕವೂ ಬರುತ್ತಿತ್ತು. ‘ನಿನಗೆಷ್ಟು?’ ಎಂದ ಕೂಡಲೇ ಅವನಿಗೆ ಆಳ ತಿಳಿದುಹೋಯಿತು, ಕೋಲು ಎತ್ತಿಕೊಂಡು ಹೋದ. ನಿಮ್ಮನ್ನು ದೂರುತ್ತಿಲ್ಲ. ವಿಜ್ಞಾನ ತೆಗೆದುಕೊಂಡ ಮಗನ ತಾಯಿಗೆ ಆ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇರುತ್ತದೆ ಎಂದು ಬಲ್ಲೆ.

ಈಗ ಮೊಬೈಲಿನ ಮಾತಿಗೆ ಬರುತ್ತೇನೆ, ಏಕೆಂದರೆ ಎರಡೂ ಒಂದೇ ಎಳೆಯವು. 2000ನೇ ಇಸವಿಯಲ್ಲಿ ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿಯವರೆಗೆ ತಜ್ಞರು ಹೇಳುತ್ತಿದ್ದದ್ದು ಇಷ್ಟು: ಮಗು ಎಲ್ಲಿದೆ, ಯಾರ ಜೊತೆಗಿದೆ ಎಂದು ಗೊತ್ತಿರುವ ತಂದೆತಾಯಿಯರ ಮಕ್ಕಳು ದಾರಿ ತಪ್ಪುವುದು ಕಡಿಮೆ, ಆದ್ದರಿಂದ ಮಕ್ಕಳ ಮೇಲೆ ಕಣ್ಣಿಡಿ. ಇವರಿಬ್ಬರು ಅದಕ್ಕಿಂತ ಸರಳವಾದ ಪ್ರಶ್ನೆ ಕೇಳಿದರು. ಆ ತಂದೆತಾಯಿಯರಿಗೆ ಅದೆಲ್ಲ ಗೊತ್ತಾಗುವುದು ಹೇಗೆ? ಹದಿನಾಲ್ಕರ ವಯಸ್ಸಿನ 700ಕ್ಕೂ ಹೆಚ್ಚು ಮಕ್ಕಳನ್ನೂ ಅವರ ಹೆತ್ತವರನ್ನೂ ವಿಚಾರಿಸಿದಾಗ ಕಂಡುಬಂದದ್ದು: ಪ್ರಶ್ನೆ ಕೇಳಿ ತಿಳಿದದ್ದು, ಕಟ್ಟುನಿಟ್ಟು ಮಾಡಿ ತಿಳಿದದ್ದು ಕಡಿಮೆ, ಹೆಚ್ಚಿನದು ಮಕ್ಕಳು ತಾವಾಗಿ ಬಂದು ಹೇಳಿದ್ದು. ಮಕ್ಕಳಿಗೆ ತಮ್ಮನ್ನು ಸದಾ ಹಿಡಿತದಲ್ಲಿಡುತ್ತಿದ್ದಾರೆ ಅನ್ನಿಸಿದ ಕಡೆ ಪರಿಸ್ಥಿತಿ ಚೆನ್ನಾಗಿರಲಿಲ್ಲ.

ಈ ಅಧ್ಯಯನ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಅಷ್ಟರಲ್ಲಿ ನಾನೇ ಒಂದು ತಪ್ಪು ಮಾಡಿ ಮುಗಿಸಿದ್ದೆ. ನನ್ನ ಮಗಳು ಪಿಯುಸಿಯಲ್ಲಿದ್ದಾಗ ಅವಳ ಗಣಿತದ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಏನೇನೋ ಬರೆದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಓದಿಬಿಟ್ಟೆ. ಭಯಪಡುವಂಥದ್ದೇನೂ ಇರಲಿಲ್ಲ, ಗೆಳತಿಯೊಬ್ಬಳ ಮೇಲಿನ ಬೇಸರ ಅಷ್ಟೆ. ಆದರೆ ಸಂಜೆ ಆ ಗೆಳತಿಯ ಹೆಸರು ನನ್ನ ಬಾಯಿಂದ ಜಾರಿತು. ಮಗಳು ನನ್ನನ್ನೊಮ್ಮೆ ನೋಡಿದಳು. ಜಗಳ ಮಾಡಲಿಲ್ಲ. ಮರುದಿನ ಆ ಹಾಳೆಗಳು ಪುಸ್ತಕದಲ್ಲಿರಲಿಲ್ಲ. ಆಮೇಲೆ ಅವಳು ವಿಜ್ಞಾನ ಬಿಡಬೇಕೆಂದು ತಿಂಗಳುಗಟ್ಟಲೆ ಒದ್ದಾಡಿದ್ದು ನನಗೆ ತಿಳಿದದ್ದು ಪಕ್ಕದ ಮನೆಯ ಕಾಕಿಯಿಂದ. ಮಕ್ಕಳೊಂದಿಗೆ ಮಾತನಾಡುವುದೇ ನನ್ನ ಕೆಲಸ. ನನ್ನ ಮಗಳು ಹೇಳಿಕೊಳ್ಳಲು ಪಕ್ಕದ ಮನೆಗೆ ಹೋಗಿದ್ದಳು. ಆ ನೋವು ಇಂದಿಗೂ ಇದೆ.

ಕದ್ದು ನೋಡಿದರೆ ಏನೂ ಸಿಗುವುದಿಲ್ಲ, ಸಿಕ್ಕರೂ ಅದರ ಬಗ್ಗೆ ಮಾತನಾಡಲು ಬರುವುದಿಲ್ಲ. ನಿಮ್ಮ ಸಮಾಧಾನವಿಲ್ಲದಿರುವಿಕೆಗೆ ಕಾರಣ ಅದೇ. ಆದ್ದರಿಂದ ಮೊಬೈಲ್ ನೋಡುವುದನ್ನು ಇಂದಿನಿಂದ ನಿಲ್ಲಿಸಿ. ಇದುವರೆಗೆ ನೋಡಿದ್ದನ್ನು ಏನು ಮಾಡಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಬಾಗಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಊರಿನ ಬೇಸಿಗೆ ನಿಮಗೆ ಗೊತ್ತು. ಬಿಸಿಲು 42 ಡಿಗ್ರಿ ದಾಟಿದರೆ ಇಡೀ ಮನೆ ಒಂದೇ ಕೂಲರ್ ಮುಂದೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಲಾಗಿ ಮಲಗುತ್ತದೆ. ಅಜ್ಜಿಯ ಕೆಮ್ಮು, ತಂಗಿಯ ಪಾಠ, ಅಪ್ಪನ ಪಾಳಿಯ ನಿದ್ದೆ ಎಲ್ಲವೂ ಒಂದೇ ಕೋಣೆಯಲ್ಲಿ. ಹಾಗೆ ಬೆಳೆದ ಹುಡುಗನಿಗೆ ಹದಿನಾರಕ್ಕೆ ತನ್ನದೆಂಬ ನಾಲ್ಕು ಗೋಡೆ ಬೇಕೆನಿಸಿದರೆ ಅದು ನಿಮ್ಮ ಮೇಲಿನ ಮುನಿಸಲ್ಲ. ಬಾಗಿಲು ತಟ್ಟಿ ಒಳಗೆ ಹೋಗಿ, ಅಗುಳಿ ಮಾತ್ರ ಹಾಕಿಕೊಳ್ಳಬೇಡ ಎನ್ನಿ, ಸಾಕು. ಕೂದಲು, ಅಂಗಿ, ಕೋಣೆಯ ಕಸ ಇವುಗಳನ್ನೂ ಅವನಿಗೇ ಬಿಡಿ. ಜಗಳಕ್ಕೆ ನಿಮ್ಮಲ್ಲಿರುವ ಶಕ್ತಿಯನ್ನು ಉಳಿಸಿಕೊಳ್ಳಿ, ಅದು ಬೈಕ್‌ಗೆ ಬೇಕು.

ನಿದ್ದೆಯ ವಿಷಯದಲ್ಲಿ ನಿಮ್ಮ ಅತ್ತೆಯವರಿಗೂ ಒಂದು ಮಾತು ತಿಳಿಸಿ. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ಎಂಬ ರಸ ದೇಹದಲ್ಲಿ ಮೊದಲಿಗಿಂತ ತಡವಾಗಿ ಏರುತ್ತದೆ. ಹತ್ತಕ್ಕೆ ಮಲಗು ಎಂದರೆ ಅವನಿಗೆ ನಿದ್ದೆ ಬರುವುದೇ ಇಲ್ಲ, ಅದು ಸೋಮಾರಿತನವಲ್ಲ. ಆದರೆ 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ದೇಹ ತಡ ಮಾಡುವುದು ಒಂದೆರಡು ಗಂಟೆ. ಅದನ್ನು ರಾತ್ರಿ ಒಂದಕ್ಕೆ ಎಳೆಯುವುದು ಕೈಯಲ್ಲಿರುವ ಮೊಬೈಲ್. ಇಲ್ಲಿ ನಿಯಮ ಇರಲಿ: ರಾತ್ರಿ 11ಕ್ಕೆ ಮನೆಯ ಎಲ್ಲ ಮೊಬೈಲ್‌ಗಳೂ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ. ಎಲ್ಲ ಎಂದರೆ ನಿಮ್ಮದೂ, ಪಾಳಿಯಿಲ್ಲದ ದಿನ ಯಜಮಾನರದೂ. ಅಪ್ಪ ಹಾಸಿಗೆಯಲ್ಲಿ ವಿಡಿಯೊ ನೋಡುತ್ತಾ ಮಗನ ಮೊಬೈಲ್ ಕಸಿದುಕೊಂಡರೆ ಆ ನಿಯಮ ಎಂಟು ದಿನವೂ ಬಾಳುವುದಿಲ್ಲ.

ಬೈಕ್ ವಿಷಯದಲ್ಲಿ ನನ್ನ ಉತ್ತರ ಗಟ್ಟಿಯಾಗಿ ‘ಬೇಡ’. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಗೇರ್ ಇರುವ ಬೈಕ್ ಓಡಿಸಲು 18 ತುಂಬಿರಬೇಕು. 16ಕ್ಕೆ ಪರವಾನಗಿ ಸಿಗುವುದು ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ. ಈಗ ರಸ್ತೆಯಲ್ಲಿ ಓಡಾಡುವ ಪೆಟ್ರೋಲ್ ಸ್ಕೂಟಿಗಳಲ್ಲಿ ಹೆಚ್ಚಿನವು 100 ಸಿಸಿಗಿಂತ ಮೇಲಿನವು. 2019ರ ತಿದ್ದುಪಡಿಯ ನಂತರ ಕಾನೂನು ನೇರವಾಗಿ ಹೆತ್ತವರನ್ನೂ ಗಾಡಿಯ ಮಾಲೀಕನನ್ನೂ ಹಿಡಿಯುತ್ತದೆ. ಅಪ್ರಾಪ್ತ ವಯಸ್ಸಿನ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಒಂದು ವೇಳೆ ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊರೆಯೂ ಮಾಲೀಕನ ತಲೆಗೇ ಬರಬಹುದು. ‘ಕಲಿಯಲಿ ಬಿಡು’ ಎನ್ನುವ ತಂದೆ ಇಷ್ಟನ್ನೂ ಒಪ್ಪಿಕೊಂಡು ಹೇಳುತ್ತಿದ್ದಾರೆಯೇ?

ಕಾನೂನಿಗಿಂತ ನನ್ನನ್ನು ಕಾಡುವುದು ಇನ್ನೊಂದು. ಸಂಜೆ ರಿಂಗ್ ರಸ್ತೆಯಲ್ಲಿ ಒಂದು ಬೈಕಿನ ಮೇಲೆ ಮೂವರು ಹುಡುಗರು ಲಾರಿಗಳ ನಡುವೆ ನುಸುಳುವುದನ್ನು ನೀವೂ ನೋಡಿರುತ್ತೀರಿ. 2005ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಮೂರು ವಯೋಮಾನದವರಿಗೆ ಕೊಟ್ಟರು: 13ರಿಂದ 16ರವರು, 18ರಿಂದ 22ರವರು, 24 ದಾಟಿದವರು. ಕೆಲವರು ಒಬ್ಬರೇ ಆಡಬೇಕು, ಕೆಲವರು ಗೆಳೆಯರ ಮುಂದೆ. ಗೆಳೆಯರು ಪಕ್ಕದಲ್ಲಿದ್ದಾಗ ಚಿಕ್ಕವರು ಮೈಮೇಲೆ ಎಳೆದುಕೊಂಡ ಅಪಾಯ ಬಹಳ ಹೆಚ್ಚಾಯಿತು, ದೊಡ್ಡವರಲ್ಲಿ ಹಾಗಾಗಲಿಲ್ಲ. ಮುಂದಾಲೋಚನೆ ಮಾಡುವ, ತಡೆಹಿಡಿಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನಲ್ಲಿ. ಆದ್ದರಿಂದ ‘ನನ್ನ ಮಗ ಜಾಣ, ನಿಧಾನಕ್ಕೆ ಓಡಿಸುತ್ತಾನೆ’ ಎಂಬುದು ಅರ್ಧ ಸತ್ಯ. ನಿಮ್ಮ ಜೊತೆ ಅಂಗಡಿಗೆ ಹೋಗುವಾಗ ನಿಧಾನಕ್ಕೇ ಓಡಿಸುತ್ತಾನೆ. ಹಿಂದೆ ಇಬ್ಬರು ಗೆಳೆಯರು ಕೂತಾಗ ಅದೇ ಹುಡುಗ ಬೇರೆ.

ಆದರೆ ‘ಬೇಡ’ ಎಂಬುದನ್ನು ಹೇಳುವ ಬಗೆ ಇದೆ. ‘ನೋಡೋಣ’ ಎಂದು ಸಾಗಹಾಕಬೇಡಿ, ಅದು ದಿನವೂ ಜಗಳಕ್ಕೆ ಕೊಟ್ಟ ಆಮಂತ್ರಣ. ‘ಅಂಕ ಬಂದರೆ ಕೊಡಿಸುತ್ತೇವೆ’ ಎಂದಂತೂ ಹೇಳಲೇಬೇಡಿ, ಅಂಕ ಬಂದುಬಿಟ್ಟರೆ? ತಾರೀಖು ಕೊಡಿ. ‘ನಿನಗೆ 18 ತುಂಬಿದ ವಾರವೇ ಅಪ್ಪ ನಿನ್ನನ್ನು ಆರ್‌ಟಿಒ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ, ಕಲಿಕಾ ಪರವಾನಗಿ ಮಾಡಿಸುತ್ತಾರೆ. ಅಲ್ಲಿಯವರೆಗೆ ಇಲ್ಲ.’ ಇದನ್ನು ಅಪ್ಪನೇ ಹೇಳಬೇಕು. ನೀವು ಬೇಡ ಎಂದು, ಅವರು ಆಗಲಿ ಎಂದರೆ ಮಗ ಆ ಸಂದಿಯಲ್ಲೇ ಗಾಡಿ ಹೊರಗೆ ತೆಗೆಯುತ್ತಾನೆ. ಅಲ್ಲಿಯವರೆಗೆ ಸೈಕಲ್, ಬಸ್ ಪಾಸ್. ಜೊತೆಗೆ ಇನ್ನೊಂದು ಮಾತು ಕೊಡಿ, ಇದು ಬೈಕ್ ಬೇಡ ಎನ್ನುವುದಕ್ಕಿಂತ ದೊಡ್ಡದು: ‘ಗೆಳೆಯನ ಬೈಕ್ ಹತ್ತಲು ಹೆದರಿಕೆಯಾದರೆ, ಎಷ್ಟು ಹೊತ್ತಾಗಿದ್ದರೂ ಆಟೋ ಹಿಡಿದು ಬಾ. ಮನೆ ಮುಂದೆ ದುಡ್ಡು ನಾನು ಕೊಡುತ್ತೇನೆ. ಆ ರಾತ್ರಿ ಒಂದೂ ಪ್ರಶ್ನೆ ಕೇಳುವುದಿಲ್ಲ.’ ಹೇಳಿದ ಮೇಲೆ ನಿಜಕ್ಕೂ ಕೇಳಬಾರದು. ಕೇಳುವುದಿದ್ದರೆ ಮರುದಿನ, ರೊಟ್ಟಿಯ ಹೊತ್ತಿಗೆ.

ಮಗನನ್ನು ಗೆಳೆಯನಂತೆ ನೋಡಬೇಕು ಎಂಬ ಅತ್ತೆಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವರು ಹಿರಿಯರು, ಅದರ ಹಿಂದಿರುವ ಮಮತೆ ಅರ್ಥವಾಗುತ್ತದೆ. ಆದರೆ ಗೆಳೆಯರು ಅವನಿಗೆ ಕಾಲೇಜಿನ ತುಂಬ ಇದ್ದಾರೆ, ಅವ್ವ ಒಬ್ಬಳೇ. ಬೇಡವೆಂದರೆ ಬೇಡ ಎನ್ನುವವಳೂ, ಆಮೇಲೂ ಬಿಸಿ ರೊಟ್ಟಿ ಹಾಕುವವಳೂ ಒಬ್ಬಳೇ ಆಗಿರಬೇಕು. 1960ರ ದಶಕದಿಂದ ಡಯಾನಾ ಬಾಮ್‌ರಿಂಡ್ ಎಂಬ ಮನೋವಿಜ್ಞಾನಿ ಬರೆಯುತ್ತಾ ಬಂದದ್ದೂ ಇದನ್ನೇ: ಬರೀ ಕಟ್ಟುನಿಟ್ಟಾಗಲಿ ಬರೀ ಸಲುಗೆಯಾಗಲಿ ಮಕ್ಕಳಿಗೆ ಹಿತವಲ್ಲ, ಪ್ರೀತಿ ಮತ್ತು ಗಡಿ ಎರಡೂ ಒಟ್ಟಿಗೆ ಇರಬೇಕು, ಗಡಿ ಏಕಿದೆ ಎಂದು ಮಕ್ಕಳಿಗೆ ವಿವರಿಸಬೇಕು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ನಾನಾಗಿ ಕೇಳುತ್ತೇನೆ. ಮಗನಿಗೆ ಮನೆಯಲ್ಲಿ ಏನು ಕೆಲಸವಿದೆ? ಓದುವುದನ್ನು ಬಿಟ್ಟು. ಬಹಳ ಮನೆಗಳಲ್ಲಿ ಉತ್ತರ ‘ಏನೂ ಇಲ್ಲ, ಅವನು ಓದಿಕೊಂಡರೆ ಸಾಕು’. ಹೊಣೆ ಕೊಡದೆ ಬರೀ ಬುದ್ಧಿ ಹೇಳಿದರೆ ಹುಡುಗರು ಸ್ವಾತಂತ್ರ್ಯವನ್ನು ಬೈಕಿನಲ್ಲೇ ಹುಡುಕುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ರೈತ ಕುಟುಂಬ ನನ್ನ ಬಳಿ ಬಂದಿತ್ತು. ಹುಡುಗನಿಗೆ ಹದಿನೇಳು, ಮಾತಿಲ್ಲ, ಕತೆಯಿಲ್ಲ, ಸದಾ ಮೊಬೈಲ್. ಔಷಧಿ ಬೇಕಾದ ಲಕ್ಷಣ ಯಾವುದೂ ಕಾಣಲಿಲ್ಲ. ತೊಗರಿ ರಾಶಿಯ ಕಾಲ ಹತ್ತಿರವಿತ್ತು. ಈ ಸಲ ಗಂಜ್‌ಗೆ ಮಾಲು ಒಯ್ಯುವಾಗ ಕಾಕಾನ ಜೊತೆ ಇವನನ್ನು ಕಳುಹಿಸಿ, ತೂಕದ ಚೀಟಿ ಇವನ ಕೈಯಲ್ಲೇ ಇರಲಿ ಎಂದೆ. ಕಾಲೇಜು ತಪ್ಪುತ್ತದೆ ಎಂದು ತಂದೆ ಗೊಣಗಿದರು, ಆದರೂ ಕಳುಹಿಸಿದರು. ಹುಡುಗ ಚೀಲ ಎಣಿಸಿದ, ತೂಕ ಬರೆದುಕೊಂಡ, ಒಂದು ಕಡೆ ಲೆಕ್ಕ ಕೂಡುವುದರಲ್ಲಿ ತಪ್ಪಾದದ್ದನ್ನು ಹಿಡಿದು ಕಾಕಾನಿಗೆ ತೋರಿಸಿದ. ಆ ರಾತ್ರಿ ಊಟಕ್ಕೆ ಕೂತವನು ಒಂದು ಗಂಟೆ ಮಾತನಾಡಿದನಂತೆ. ಅವನ ತಾಯಿ ಅದನ್ನು ಹೇಳುವಾಗ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅದರ ನಂತರ ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ, ಮೊಬೈಲ್ ಆಮೇಲೂ ಕೈಯಲ್ಲಿತ್ತು. ಆದರೆ ಮುಂದಿನ ವರ್ಷ ಬೀಜ ತರುವಾಗ ಅಪ್ಪ ಅವನನ್ನೂ ಒಂದು ಮಾತು ಕೇಳಿದರು.

ನಿಮ್ಮ ಮನೆಯಲ್ಲಿ ಹೊಲವಿಲ್ಲದಿರಬಹುದು, ಅತ್ತೆಯವರಿದ್ದಾರೆ. ಅವರನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವುದನ್ನು ಮಗನಿಗೆ ವಹಿಸಿ. ಚೀಟಿ ಮಾಡಿಸುವುದು, ಸರದಿಯಲ್ಲಿ ಕಾಯುವುದು, ವೈದ್ಯರು ಹೇಳಿದ್ದನ್ನು ನೆನಪಿಟ್ಟುಕೊಂಡು ಮನೆಯಲ್ಲಿ ಹೇಳುವುದು, ಗುಳಿಗೆ ಹೊತ್ತಿಗೆ ಕೊಡುವುದು. ನೀವು ಹಿಂದೆ ಹೋಗಬೇಡಿ, ನಡುವೆ ನಾಲ್ಕು ಸಲ ಫೋನ್ ಮಾಡಬೇಡಿ. ಒಂದು ಗುಳಿಗೆ ಮರೆತರೆ ಅವನೇ ಮತ್ತೆ ಔಷಧಿ ಅಂಗಡಿಗೆ ಹೋಗಲಿ. ಹಣವೂ ಹಾಗೆ. ದಿನವೂ ಕೇಳಿದಾಗ 20, 50 ಕೊಡುವುದನ್ನು ಬಿಟ್ಟು ತಿಂಗಳಿಗೆ ಇಷ್ಟು ಎಂದು ಅವನ ಖಾತೆಗೆ ಹಾಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 10 ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆಯನ್ನು ಬ್ಯಾಂಕುಗಳು ತೆರೆದುಕೊಡಬಹುದು, ಮಿತಿಯನ್ನು ಬ್ಯಾಂಕೇ ಗೊತ್ತುಮಾಡುತ್ತದೆ. ಶರಣಬಸವೇಶ್ವರರ ಜಾತ್ರೆಯಲ್ಲಿ ಒಂದೇ ಸಂಜೆಗೆ ಪೂರ್ತಿ ಖಾಲಿ ಮಾಡಿಕೊಂಡು ಬಂದರೆ ಬೈಯಬೇಡಿ, ತುಂಬಿಸಲೂ ಬೇಡಿ. ಉಳಿದ ದಿನಗಳನ್ನು ಅವನು ಹೇಗೆ ಕಳೆಯುತ್ತಾನೆ ನೋಡಿ.

ಇನ್ನು ಮಗಳು. ನಿಮ್ಮ ಪತ್ರದಲ್ಲಿ ಮಗನಿಗೆ ಹತ್ತಾರು ಸಾಲುಗಳಿವೆ, ಅವಳಿಗೆ ಎರಡು. ಆದರೆ ನನಗೆ ಹೆಚ್ಚು ಕಳವಳವಾದದ್ದು ಆ ಎರಡು ಸಾಲುಗಳನ್ನು ಓದಿಯೇ. ಮಗ ಕೇಳಿದ್ದು ಕಾನೂನು ಒಪ್ಪದ ಬೈಕ್, ಮನೆಯಲ್ಲಿ ಅದಕ್ಕೊಂದು ಚರ್ಚೆ ನಡೆಯುತ್ತಿದೆ. ಮಗಳು ಕೇಳಿದ್ದು ಹಗಲು ಹೊತ್ತಿನ ಸಿಟಿ ಬಸ್, ಅದಕ್ಕೆ ಚರ್ಚೆಯೂ ಇಲ್ಲ. ಅಣ್ಣನಿಗೆ ಮೀಸೆ ಮೂಡುತ್ತಿದ್ದಂತೆ ಅಂಗಳ ದೊಡ್ಡದಾಗುತ್ತದೆ, ತಂಗಿ ದೊಡ್ಡವಳಾಗುತ್ತಿದ್ದಂತೆ ಹೊಸ್ತಿಲು ಎತ್ತರವಾಗುತ್ತದೆ. ಅವಳು ಇದನ್ನು ಗಮನಿಸುತ್ತಿಲ್ಲ ಎಂದು ದಯವಿಟ್ಟು ತಿಳಿಯಬೇಡಿ.

ನಿಮ್ಮ ಹೆದರಿಕೆಗೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. ತುಂಬಿದ ಬಸ್ಸಿನಲ್ಲಿ ಕೈ ತಾಗಿಸುವವರಿದ್ದಾರೆ, ಹಿಂಬಾಲಿಸುವವರಿದ್ದಾರೆ. ಆದರೆ ನನ್ನ ಬಳಿ ಬರುವ ಹುಡುಗಿಯರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಒಂದು ಮಾತಿದೆ. ಅಂಥದ್ದೇನಾದರೂ ಆದಾಗ ಮನೆಯಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಿದರೆ, ‘ಹೇಳಿದ್ದರೆ ಕಾಲೇಜು ಬಿಡಿಸುತ್ತಿದ್ದರು’ ಎನ್ನುತ್ತಾರೆ. ತಪ್ಪು ಮಾಡಿದವನು ಬಸ್ಸಿನಲ್ಲೇ ಓಡಾಡಿಕೊಂಡಿರುತ್ತಾನೆ, ಮನೆಯಲ್ಲಿ ಕೂರುವುದು ಹುಡುಗಿ. ಇದು ಗೊತ್ತಿರುವ ಹುಡುಗಿ ಬಾಯಿ ತೆರೆಯುವುದಿಲ್ಲ. ನಾವು ಕಾಪಾಡಲೆಂದು ಹಾಕಿದ ಬೇಲಿಯೇ ಅವಳ ಬಾಯಿ ಕಟ್ಟುತ್ತದೆ. ಹಾಗಾಗಿ ಮಗಳು ಬಸ್ ಹತ್ತುವ ಮೊದಲು ಅವಳಿಗೆ ನೀವು ಹೇಳಬೇಕಾದ ಮೊದಲ ಮಾತು ಇದು: ‘ದಾರಿಯಲ್ಲಿ ಏನೇ ಆದರೂ ನನಗೆ ಹೇಳು. ಹೇಳಿದ್ದಕ್ಕೆ ನಿನ್ನ ಟ್ಯೂಷನ್ ನಿಲ್ಲುವುದಿಲ್ಲ, ಬಸ್ ನಿಲ್ಲುವುದಿಲ್ಲ. ಇದು ನನ್ನ ಮಾತು.’ ಇದನ್ನು ಅಪ್ಪನ ಮುಂದೆ, ಅಜ್ಜಿಯ ಮುಂದೆ ಹೇಳಿ, ಅವರೂ ಕೇಳಿಸಿಕೊಳ್ಳಲಿ.

ಆಮೇಲೆ ಕಲಿಸುವ ಕೆಲಸ. ಮೊದಲ ಎರಡು ದಿನ ನೀವೂ ಜೊತೆಗೆ ಹೋಗಿ, ಆದರೆ ದಾರಿ ಅವಳು ತೋರಿಸಲಿ: ಯಾವ ಬಸ್, ಎಲ್ಲಿ ಇಳಿಯಬೇಕು, ರಸ್ತೆ ಎಲ್ಲಿ ದಾಟಬೇಕು. ಮೂರನೆಯ ದಿನ ನೀವು ಅವಳಿಂದ ನಾಲ್ಕು ಸಾಲು ಹಿಂದೆ ಕೂತು ಬನ್ನಿ, ಪರಿಚಯವಿಲ್ಲದವರಂತೆ. ನಾಲ್ಕನೆಯ ದಿನ ಅವಳೊಬ್ಬಳೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಆಧಾರ್ ಕಾರ್ಡ್ ಚೀಲದಲ್ಲಿರಲಿ, ಆದರೂ ಒಂದಿಷ್ಟು ಆಟೋ ದುಡ್ಡು ಬೇರೆಯಾಗಿ ಇಡಿಸಿ. ಬಸ್ ಬರದಿದ್ದರೆ ಯಾರ ಗಾಡಿಯನ್ನೂ ಹತ್ತುವ ಪ್ರಮೇಯ ಬರಬಾರದು. ಮಹಿಳೆಯರ ಸೀಟಿನ ಕಡೆ, ಕಂಡಕ್ಟರ್ ಕಣ್ಣಿಗೆ ಬೀಳುವಂತೆ ನಿಲ್ಲುವುದನ್ನು ಹೇಳಿಕೊಡಿ. ಯಾರಾದರೂ ಮೈ ತಾಗಿಸಿದರೆ ‘ದೂರ ನಿಲ್ಲಿ’ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ನಗಬೇಡಿ, ನಿಜವಾಗಿ ಅಭ್ಯಾಸ ಬೇಕು. ‘ಮೆತ್ತಗೆ ಮಾತನಾಡು’ ಎಂದು ಹದಿನಾಲ್ಕು ವರ್ಷ ಕಲಿಸಿದ ಗಂಟಲು ಆ ಹೊತ್ತಿಗೆ ತಾನಾಗಿ ಏಳುವುದಿಲ್ಲ. ಪೊಲೀಸರ 112, ಮಕ್ಕಳ ಸಹಾಯವಾಣಿ 1098 ಎರಡೂ ಬಾಯಿಪಾಠವಿರಲಿ. ತಲುಪಿದ ಮೇಲೆ ಒಂದು ಕರೆ ಮಾಡಲಿ, ಒಂದೇ. ಮಗನೂ ಎಲ್ಲಿಗಾದರೂ ಹೋದರೆ ಅದೇ ಒಂದು ಕರೆ ಮಾಡಬೇಕು. ನಿಯಮ ಇಬ್ಬರಿಗೂ ಒಂದೇ ಆಗಿದ್ದರೆ ಮಗಳಿಗೆ ಅದು ಶಿಕ್ಷೆ ಅನ್ನಿಸುವುದಿಲ್ಲ.

ಯಾವಾಗ ಹೆದರಬೇಕು ಎಂಬುದನ್ನೂ ಹೇಳಬೇಕು, ಏಕೆಂದರೆ ಮೇಲಿನ ಸಮಾಧಾನದ ಮಾತುಗಳೆಲ್ಲ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಬಾಗಿಲು ಹಾಕಿಕೊಂಡರೂ ರೊಟ್ಟಿಯ ಹೊತ್ತಿಗೆ ಹಸಿದು ಬರುವ ಹುಡುಗ ಒಂದು. ಎರಡು ವಾರದಿಂದ ಊಟ ಸೇರದ, ಗೆಳೆಯರ ಫೋನನ್ನೂ ಎತ್ತದ, ಇಷ್ಟದ ಆಟವನ್ನೂ ಬಿಟ್ಟ ಹುಡುಗ ಬೇರೆ. ಮನೆಯಲ್ಲಿ ದುಡ್ಡು ಕಾಣೆಯಾಗುವುದು, ಕಣ್ಣು ಕೆಂಪಾಗಿ ಮಾತು ತೊದಲುವುದು, ಮೈಮೇಲೆ ಕೊಯ್ದ ಗುರುತು, ‘ನಾನಿಲ್ಲದಿದ್ದರೆ ಒಳ್ಳೆಯದಿತ್ತು’ ಎಂಬಂಥ ಮಾತು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಕೊನೆಯದನ್ನು ಕೇಳಿದರೆ ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. 10ರಿಂದ 19 ವರ್ಷದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲಿಯ ಆಪ್ತಸಮಾಲೋಚಕರನ್ನು ಕೇಳಿ. ಅಂಥ ಸ್ಥಿತಿಯಲ್ಲಿ ಮೊಬೈಲ್ ನೋಡುವುದೂ ತಪ್ಪಲ್ಲ, ಆದರೆ ಅವನ ಮುಂದೆ, ಅವನಿಗೆ ಹೇಳಿ. ನಿಮ್ಮ ಪತ್ರದಲ್ಲಿ ಇಂಥ ಲಕ್ಷಣ ಯಾವುದೂ ನನಗೆ ಕಾಣಲಿಲ್ಲ.

‘ಕೈತಪ್ಪಿ ಹೋಗುತ್ತಿದ್ದಾರೆ’ ಎಂದು ಬರೆದಿದ್ದೀರಿ. ಯಜಮಾನರು ರಾತ್ರಿ ಪಾಳಿಗೆ ಹೋದ ಮೇಲೆ ಆ ಮನೆಯಲ್ಲಿ ಮುಚ್ಚಿದ ಬಾಗಿಲೊಂದರ ಹೊರಗೆ ಕೂತಿರುವುದು ಎಷ್ಟು ಬಿಕೋ ಎನ್ನುತ್ತದೆ ಎಂದು ನನಗೆ ಗೊತ್ತು. ಅದಕ್ಕೊಂದು ಉಪಾಯ ನನ್ನಲ್ಲಿಲ್ಲ. ರಜೆಯ ದಿನ ತಂದೆ ಮಗನನ್ನು ಕರೆದುಕೊಂಡು ಸಂಜೆ ಅಪ್ಪನ ಕೆರೆಯ ಕಡೆ ಒಂದು ಸುತ್ತು ನಡೆದು ಬರಲಿ, ಉಪದೇಶವಿಲ್ಲದೆ. ಆ ಒಂದು ಗಂಟೆ ನೀವೂ ಮಗಳೂ ನಿಮಗಿಷ್ಟ ಬಂದಂತೆ ಇರಿ.

ಉಳಿದದ್ದು ನೀವು ಕದ್ದು ನೋಡಿದ ಮೊಬೈಲ್. ಅದನ್ನು ಅವನಿಗೆ ನೀವೇ ಹೇಳಬೇಕು. ತಾನಾಗಿ ಗೊತ್ತಾಗುವ ಮೊದಲು ಹೇಳಬೇಕು. ನನ್ನ ಮಗಳಿಗೆ ನಾನು ಹೇಳದೇ ಉಳಿದದ್ದನ್ನು ನೀವು ಹೇಳಿ. ಎದುರು ಕೂರಿಸಿಕೊಳ್ಳಬೇಡಿ. ಅವನು ಕಟ್ಟೆಯ ಮೇಲೆ ಬಂದು ಕೂತ ರಾತ್ರಿ, ಮೊದಲ ರೊಟ್ಟಿ ಅವನ ತಟ್ಟೆಗೆ ಬಿದ್ದ ಮೇಲೆ, ಎರಡನೆಯದನ್ನು ಬಡಿಯುತ್ತಾ ಹೇಳಿ: ‘ನೀನು ಸ್ನಾನಕ್ಕೆ ಹೋದಾಗ ನಿನ್ನ ಮೊಬೈಲ್ ನೋಡುತ್ತಿದ್ದೆ. ಹೆದರಿಕೆಯಿಂದ ನೋಡಿದೆ. ನನ್ನದು ತಪ್ಪಾಯಿತು, ಇನ್ನು ನೋಡುವುದಿಲ್ಲ.’ ಅದಕ್ಕೆ ‘ಆದರೆ ನೀನೂ’ ಎಂದು ಏನನ್ನೂ ಸೇರಿಸಬೇಡಿ. ಅವನು ಸಿಟ್ಟಾಗಬಹುದು, ಮತ್ತೆ ಅರ್ಧ ರೊಟ್ಟಿ ಬಿಟ್ಟು ಎದ್ದು ಹೋಗಬಹುದು. ಹೋಗಲಿ ಬಿಡಿ. ಮರುದಿನವೂ ಅದೇ ಹೊತ್ತಿಗೆ ಹಂಚು ಇಡಿ, ಅವನ ತಟ್ಟೆ ಕಟ್ಟೆಯ ಮೇಲೆ ಇರಲಿ. ಗೆಳೆಯನ ಮಾತು ಮತ್ತೆ ಬಂದರೆ, ಆ ಹುಡುಗ ಈಗ ಹೇಗಿದ್ದಾನೆ ಎಂದು ಕೇಳಿ.